ಎಳೆ ಮುಗಿದರೆ ಏಳು

ಧಾರವಾಡ
ಫೆಬ್ರುವರಿ ೩೦, ೨೧೧೭

ಪೂಜ್ಯ ನೀಲಾಂಬಿಕಾ ಅಜ್ಜಿಯವರಿಗೆ, ನಿಮ್ಮ ಮರಿಮೊಮ್ಮಗಳ ಸೊಸೆ ದ್ಯಾಮವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನ ಇಲ್ಲ. ನಮ್ಮ ಕಾಲದವರು ಎಲ್ಲ ತಿಂಗಳುಗಳನ್ನೂ ಒಂದೇ ಅಳತೆಗೆ ತರಲು ಹೋಗಿ ಫೆಬ್ರುವರಿಗೆ ಎರಡು ದಿನ ಹೆಚ್ಚು ಕೊಟ್ಟಿದ್ದಾರೆ. ಐದು ತಿಂಗಳ ಕೂಸಿನ ತಾಯಿಯಾದ ನನಗೆ ಅದು ನಿದ್ದೆಯಿಲ್ಲದ ಇನ್ನೆರಡು ದಿನ, ಅಷ್ಟೆ. ನನ್ನ ಹೆಸರನ್ನೂ ನೀವು ಹಳೆಯದು ಅಂದುಕೊಳ್ಳಬಹುದು. ಹಾಗಲ್ಲ, ನಾನು ಓದುವಾಗ ನಮ್ಮ ತರಗತಿಯಲ್ಲಿ ನಾಲ್ಕು ಜನ ದ್ಯಾಮವ್ವ ಇದ್ದೆವು, ಈಗ ಇದೇ ಫ್ಯಾಶನ್ನು. ನಮ್ಮತ್ತೆಯ ಹೆಸರು ಇಂಚರಾ. ನಿಮ್ಮಲ್ಲಿ ಅದು ತೊಟ್ಟಿಲಿನ ಹೆಸರು, ನಮ್ಮಲ್ಲಿ ಅಜ್ಜಿಯರ ಹೆಸರು. ಓಣಿಯವರೆಲ್ಲ ಅವರನ್ನು ಇಂಚರವ್ವ ಅನ್ನುತ್ತಾರೆ. ನಿಮ್ಮ ಮಗಳ ಮಗಳ ಮಗಳು ಅವರು. ಎಪ್ಪತ್ತೊಂದು ವರ್ಷ.

ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಾನು ಬಿ.ಎ.ಯಲ್ಲಿ ‘ಇಪ್ಪತ್ತೊಂದನೇ ಶತಮಾನದ ಕನ್ನಡ’ ಎಂಬ ವಿಷಯ ಓದಿದವಳು. ನಿಮ್ಮ ಕಾಲದ ಮನೆತನಗಳ ವಾಟ್ಸ್ಯಾಪ್ ಗುಂಪುಗಳೇ ನಮಗೆ ಪಠ್ಯ. ‘ಶುಭೋದಯ’ ಎಂಬ ಮಾತು ಅಷ್ಟು ಸಲ ಯಾಕೆ ಬರುತ್ತದೆ ಎಂಬುದರ ಮೇಲೆ ಹದಿನೈದು ಅಂಕದ ಪ್ರಶ್ನೆ ಇರುತ್ತಿತ್ತು. ಆ ಕನ್ನಡದಲ್ಲೇ ಬರೆಯಲು ಪ್ರಯತ್ನಿಸಿದ್ದೇನೆ. ಇದಕ್ಕೆ ಹಿಂದೋಲೆ ಅನ್ನುತ್ತಾರೆ, ಕಾಲದಲ್ಲಿ ಹಿಂದಕ್ಕೆ ಕಳಿಸುವ ಓಲೆ. ಮೊದಲ ಹೆರಿಗೆಯಾದ ಪ್ರತಿ ಹೆಂಗಸಿಗೂ ಜೀವಮಾನದಲ್ಲಿ ಒಂದು ಸಿಗುತ್ತದೆ. ಸಾವು, ಯುದ್ಧ, ಚುನಾವಣೆ ಯಾವುದನ್ನೂ ಬರೆಯುವಂತಿಲ್ಲ, ಮನೆವಾರ್ತೆ ಮಾತ್ರ. ಬಹಳ ಜನ ತಮ್ಮ ಅಜ್ಜಿಯ ಕೈಯ ಉಪ್ಪಿನಕಾಯಿಯ ಅಳತೆ ಕೇಳಿ ಬರೆಯುತ್ತಾರಂತೆ. ಉತ್ತರ ಬರುವ ದಾರಿ ಇಲ್ಲ ಎಂದು ಗೊತ್ತಿದ್ದೂ ಕೇಳುತ್ತಾರೆ. ನಾನು ಉತ್ತರ ಬೇಕಾಗುವಂಥದ್ದು ಏನನ್ನೂ ಕೇಳುವುದಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟಿದೆ. ಅದನ್ನು ಮರ್ಯಾದೆಯಿಂದ ಬರೆಯಬೇಕೆಂದು ಕೂತಿದ್ದೇನೆ, ಆದರೆ ಹಾಗೇ ಬರುತ್ತದೆಂದು ಖಾತ್ರಿ ಇಲ್ಲ.

ನಿಮ್ಮದು ಅಂತ ನಮ್ಮ ಮನೆಯಲ್ಲಿ ಮೂರು ವಸ್ತು ಇವೆ. ಒಂದು ಫೋಟೋ, ಒಂದು ಕಸೂತಿಯ ನೋಟುಬುಕ್ಕು, ಒಂದು ಅರ್ಧ ಕುಂಚಿಗೆ. ಕೂಸಿನ ತಲೆ ಬೆನ್ನು ಎರಡನ್ನೂ ಮುಚ್ಚುವ ಆ ಕಪ್ಪು ಇಳಕಲ್ ಬಟ್ಟೆಯ ಕುಂಚಿಗೆಯ ಅಂಚಿನಲ್ಲಿ ನೀವು ಹನ್ನೊಂದು ಆನೆ ಹಾಕಲು ಶುರು ಮಾಡಿದ್ದಿರಿ. ಗಾವಂತಿ ಹೊಲಿಗೆಯಲ್ಲಿ ಸೂಜಿ ಒಂದೇ ದಾರಿಯನ್ನು ಎರಡು ಸಲ ನಡೆಯುತ್ತದಂತೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟಲ್ಲೆಲ್ಲ ತುಂಬುವ ಹೊಲಿಗೆ. ಎಲ್ಲಿಯೂ ಗಂಟಿಲ್ಲ, ಹಿಂದೆ ಮುಂದೆ ಎರಡೂ ಮಗ್ಗುಲು ಒಂದೇ ಥರ. ಇದು ನಿಮಗೆ ಗೊತ್ತಿಲ್ಲದ್ದಲ್ಲ, ನನಗೆ ಅರ್ಥವಾದದ್ದು ಸರಿಯೇ ಎಂದು ಒಪ್ಪಿಸುತ್ತಿದ್ದೇನೆ. ನೀವು ಹೋಗಿದ್ದೀರಿ, ಬಂದಿಲ್ಲ. ಹನ್ನೊಂದು ಆನೆಗಳೂ ತುಂಡುತುಂಡು ಗೆರೆಗಳಾಗಿ ನಿಂತಿವೆ, ಸೊಂಡಿಲಿಗೂ ತಲೆಗೂ ಸಂಬಂಧವಿಲ್ಲ, ಕಾಲು ಹೊಟ್ಟೆಯನ್ನು ಮುಟ್ಟಿಲ್ಲ. ನೋಟುಬುಕ್ಕಿನ ಕೊನೆಯ ಪುಟದಲ್ಲಿ ನಿಮ್ಮ ಅಕ್ಷರ: “ಕುಂಚಿಗಿ. ೧೧ ಆನಿ. ಹೋಗೋ ಸಾಲು ಮುಗೀತು. ಬರೋ ಸಾಲು ದೀಪಾವಳಿ ಆದ ಮ್ಯಾಲೆ.” ಯಾವ ದೀಪಾವಳಿ ಎಂದು ಬರೆದಿಲ್ಲ.

ನನ್ನ ಮಗಳು ಹುಟ್ಟಿದ ಹದಿಮೂರನೇ ದಿನ ಅತ್ತೆ ಆ ಕುಂಚಿಗೆಯನ್ನು ಟ್ರಂಕಿನಿಂದ ತೆಗೆದರು. “ಮುತ್ತಜ್ಜಿ ಹೋಗಿ ಕುಂತಾಳ. ಇನ್ನ ನಾ ಬರತೇನಿ” ಎಂದು ಸೂಜಿಗೆ ದಾರ ಪೋಣಿಸಿದರು. ನಮ್ಮಲ್ಲಿ ಬೆಳಿಗ್ಗೆ ಹತ್ತಕ್ಕೆ ಊರೆಲ್ಲ ಬಿಸಿಲುಕದ ಹಾಕಿಕೊಳ್ಳುತ್ತದೆ, ಅಂದರೆ ಕಿಟಕಿ ಬಾಗಿಲಿಗೆ ಇಳಿಬಿಡುವ ದಪ್ಪ ಪದರ. ಆಮೇಲೆ ಸಂಜೆ ಐದರವರೆಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಮಾಳಿಗೆಯಿಂದ ಬಿಸಿಲನ್ನು ಕೊಳವೆಯಲ್ಲಿ ಇಳಿಸಿ ತಣ್ಣಗೆ ಮಾಡಿ ಪಡಸಾಲೆಗೆ ಬಿಡುತ್ತಾರೆ. ಅದಕ್ಕೆ ಬೆಳಕುಗೊಳವೆ ಎಂದು ಹೆಸರು. ಅದರ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಅತ್ತೆ ಕೂತರೆಂದರೆ ಕೂತೇ ಬಿಟ್ಟರು. ಎರಡನೇ ಎಳೆ, ಮೂರನೇ ಎಳೆ. ಒಂದು ಮೊಳದ ಎಳೆ ಮುಗಿಯಲು ಸುಮಾರು ಅರ್ಧ ಗಂಟೆ. ಅವರು ಏಳು ಎಳೆ ಮುಗಿಯದೆ ಕೂತಲ್ಲಿಂದ ಅಲುಗುವುದಿಲ್ಲ. ಬಚ್ಚಲಿಗೂ ಇಲ್ಲ, ನೀರಿಗೂ ಇಲ್ಲ. ನಾನು ಊಟಕ್ಕೆ ಕರೆದರೆ, “ಐದನೇದು ನಡದದ. ಇನ್ನೆರಡು ತಡಿ” ಎನ್ನುತ್ತಿದ್ದರು. ರೊಟ್ಟಿ ಬಿರುಸಾಗುತ್ತಿತ್ತು, ಅವರ ಸಕ್ಕರೆ ಕಾಯಿಲೆಯ ಗುಳಿಗೆಯ ಹೊತ್ತು ಮೀರುತ್ತಿತ್ತು, ಕೂಸು ಒಂದು ಕಡೆ ಅಳುತ್ತಿತ್ತು. ಏಳು ಯಾಕೆ, ನಾಲ್ಕು ಯಾಕಲ್ಲ ಎಂದು ಒಮ್ಮೆ ಕೇಳಿದೆ. “ನಮ್ಮ ಮನಿತನದ ಪದ್ಧತಿ. ಮುತ್ತಜ್ಜಿ ಬರದಿಟ್ಟಾಳ” ಎಂದರು.

ನಮ್ಮ ಕಾಲದಲ್ಲಿ ಅರವತ್ತು ದಾಟಿದವರಿಗೆಲ್ಲ ಮೈಗಾವಲು ಕಟ್ಟುತ್ತಾರೆ. ಮಣಿಕಟ್ಟಿಗೆ ಕಟ್ಟುವ ಪಟ್ಟಿ ಅದು. ಎಷ್ಟು ಹೆಜ್ಜೆ ಹಾಕಿದಿರಿ, ಎಷ್ಟು ಹೊತ್ತು ಕೂತಿರಿ ಎಂದು ನೋಡಿಕೊಂಡು ಅದೇ ಮಾತಾಡುತ್ತದೆ, ದವಾಖಾನೆಗೂ ಸುದ್ದಿ ಮುಟ್ಟಿಸುತ್ತದೆ. ನಮ್ಮತ್ತೆಯ ಸುದ್ದಿ ಭಾರಿ ಚೆನ್ನಾಗಿ ಹೋಗುತ್ತಿತ್ತು. ದಿನಕ್ಕೆ ಹನ್ನೊಂದು ಸಾವಿರ ಹೆಜ್ಜೆ. ಧಾರವಾಡದ ಅಜ್ಜಿಯರಲ್ಲಿ ಮೂರನೆಯ ಸ್ಥಾನ ಎಂದು ಸಂಕ್ರಾಂತಿಗೆ ಅಭಿನಂದನೆ ಕೂಡ ಬಂತು. ಕೂತಲ್ಲೇ ಕೂತವರು ಹನ್ನೊಂದು ಸಾವಿರ ಹೆಜ್ಜೆ ಎಲ್ಲಿ ಹಾಕಿದರು ಎಂದು ನಿದ್ದೆಗೆಟ್ಟ ನನ್ನ ತಲೆಗೆ ಹೊಳೆಯಲೇ ಇಲ್ಲ. ಒಂದು ದಿನ ತೊಟ್ಟಿಲು ತೂಗುವಾಗ ತೊಟ್ಟಿಲೇ ನನಗೆ, “ಶಾಬಾಶ್ ಇಂಚರವ್ವ, ಹಿಂಗ ನಡೀರಿ” ಅಂದಿತು. ಮೈಗಾವಲನ್ನು ತೊಟ್ಟಿಲಿನ ಹಗ್ಗಕ್ಕೆ ಕಟ್ಟಿದ್ದರು. ತೂಗಿದ್ದು ನಾನು, ನಡೆದದ್ದು ಅವರು. ನಾನು ಅತ್ತುಬಿಟ್ಟೆ. ಅವರು ಸೂಜಿಯಿಂದ ಕಣ್ಣು ತೆಗೆಯದೆ, “ಅಳಾಕ ಏನಾತು? ಮೂರನೇ ನಂಬರ್ ನಿನಗೂ ಅರ್ಧ ಬರತದ ತಗೊ” ಎಂದರು.

ಹೆಬ್ಬೆರಳು ಜೋಮು ಹಿಡಿಯುತ್ತಿದೆ ಎಂಬುದು ಗೊತ್ತಾದದ್ದು ಆಮೇಲೆ. ಕೂಸಿನ ಅಂಗಿಯ ಗುಂಡಿ ಹಾಕಲು ಆಗದೆ ನನ್ನ ಕಡೆ ಕೊಟ್ಟರು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕೈ ಝಾಡಿಸಿಕೊಳ್ಳುತ್ತಿದ್ದರು. ಎಳೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿದೆ, ಕತ್ತು ಬಿಗಿದಿದೆ, ಕಣ್ಣು ಹತ್ತಿರದ್ದನ್ನೇ ನೋಡಿ ನೋಡಿ ಸೋತಿದೆ, ಹೀಗೇ ನಡೆದರೆ ಮಳೆಗಾಲದ ಹೊತ್ತಿಗೆ ಬೆರಳಿಗೆ ಸೂಜಿ ಹಿಡಿದದ್ದೇ ತಿಳಿಯುವುದಿಲ್ಲ ಎಂದರು. “ಬಿಡಬ್ಯಾಡ್ರಿ, ಆದರ ಅರ್ಧ ತಾಸಿಗೊಮ್ಮೆ ಕೈ ಮೈ ಆಡಸ್ರಿ” ಎಂದೂ ಹೇಳಿದರು. ಅತ್ತೆಗೆ ಕೇಳಿಸಿದ್ದು ಅರ್ಧ ತಾಸಿನ ಮಾತು ಮಾತ್ರ, ಬಿಡಬೇಡಿ ಎಂದದ್ದಲ್ಲ. ಮನೆಗೆ ಬಂದವರೇ ಕುಂಚಿಗೆ ಮಡಿಚಿ ಟ್ರಂಕಿಗೆ ಹಾಕಿದರು. ಆರು ಆನೆ ಬಂದಿದ್ದವು, ಐದು ಉಳಿದಿದ್ದವು. “ಏಳು ಎಳಿ ಕುಂದ್ರಲಿಕ್ಕೆ ಆಗೂದಿಲ್ಲಂದ್ರ ಒಂದೂ ಬ್ಯಾಡ. ನಮ್ಮವ್ವ ಅರ್ಧಂಬರ್ಧ ಕೆಲಸ ಮಾಡಿದಾಕಿ ಅಲ್ಲ” ಎಂದು ತಮಗೆ ಸೂಜಿ ಕಲಿಸಿದ ತಾಯಿಯನ್ನು, ಅಂದರೆ ನಿಮ್ಮ ಮೊಮ್ಮಗಳನ್ನು, ನೆನೆದರು.

ಅಜ್ಜಿ, ಸೂಜಿ ಬಿಟ್ಟರೆ ಆರೋಗ್ಯ ಸುಧಾರಿಸುತ್ತದೆ ಎಂದು ನಾನೂ ಮೂರ್ಖಳ ಹಾಗೆ ನಂಬಿದ್ದೆ. ಸೂಜಿಯೊಂದಿಗೆ ಎಲ್ಲವೂ ಹೋಯಿತು. ಹತ್ತು ಗಂಟೆಯ ಬೆಳಕಿಗೆ ಕೂರಬೇಕೆಂದು ಮೊದಲು ನಸುಕಿನಲ್ಲಿ ಏಳುತ್ತಿದ್ದವರು ಈಗ ಒಂಬತ್ತಕ್ಕೂ ಹಾಸಿಗೆ ಬಿಡಲಿಲ್ಲ. ಬಣ್ಣ ಕೂಡಿಸಿಕೊಳ್ಳಲು ಸಂಜೆ ನೂಲಿನ ಅಂಗಡಿಯವರೆಗೆ ನಡೆದು ಹೋಗುತ್ತಿದ್ದವರು ನಡೆಯಲಿಲ್ಲ. ಬಟ್ಟೆಗೆ ಜಿಡ್ಡು ತಾಗಬಾರದೆಂದು ಕೈಬಿಟ್ಟಿದ್ದ ಕರಿದ ಅವಲಕ್ಕಿ ಮತ್ತೆ ಡಬ್ಬಿ ಸಮೇತ ಹಾಸಿಗೆಯ ಪಕ್ಕಕ್ಕೆ ಬಂತು. ಅವರ ಒಳ್ಳೆಯ ರೂಢಿಗಳೆಲ್ಲ ಆ ಸೂಜಿಯ ಹಿಂದೆಯೇ ಬರುತ್ತಿದ್ದವು. ಸೂಜಿ ನಿಂತಿತು, ಅವೂ ನಿಂತವು. ಮೈಗಾವಲು ಈಗ ನಿಜವಾಗಿ ಅವರ ಮಣಿಕಟ್ಟಿನಲ್ಲಿತ್ತು, ತಾಸಿಗೊಮ್ಮೆ ನಯವಾಗಿ ಬೈಯುತ್ತಿತ್ತು. ಅವರು ಅದರ ಮೇಲೆ ದಿಂಬು ಇಟ್ಟರು. ನಾನು ಎರಡು ಗಂಟೆಗೊಮ್ಮೆ ಹಾಲೂಡಿಸುತ್ತ, ಒಂದು ಕಿವಿ ಕೂಸಿನ ಉಸಿರಿಗೆ, ಇನ್ನೊಂದು ಕಿವಿ ಅವರ ಕೋಣೆಗೆ ಕೊಟ್ಟು, ಈ ಮನೆಯಲ್ಲಿ ಎಬ್ಬಿಸಬೇಕಾದವರು ಇಬ್ಬರು, ಮಲಗದವಳು ನಾನೊಬ್ಬಳೇ ಎಂದು ಕುದಿಯುತ್ತಿದ್ದೆ.

ಹೋದ ಸೋಮವಾರ ಮಧ್ಯಾಹ್ನ ನಿಮ್ಮ ನೋಟುಬುಕ್ಕು ತೆಗೆದೆ. ಏಳು ಎಂದು ಯಾಕೆ ಬರೆದಿದ್ದೀರೋ ನೋಡಿ, ಆಗುವುದಾದರೆ ಅದರಲ್ಲೇ ಏನಾದರೂ ರಿಯಾಯಿತಿ ಹುಡುಕೋಣ ಎಂಬ ಆಸೆ. ನಾಲ್ಕನೇ ಪುಟದ ಮೇಲ್ತುದಿಯಲ್ಲಿ ಹೀಗಿದೆ: “ಎಳಿ ಮುಗಿದರ ಏಳು. ಬೇವಿನ ಗಿಡ. ನೀರು. ಮತ್ತ ಕೂಡು.” ನಮ್ಮ ಮನೆಯಲ್ಲಿ ಇದನ್ನು ಎಲ್ಲರೂ ಹೇಗೆ ಓದುತ್ತಾರೆ ಅಂದರೆ, ಒಂದು ಎಳೆ ಮುಗಿದರೆ ಸಾಲದು, ಏಳು ಆಗಬೇಕು, ಆಮೇಲೆ ಒಂದು ಬೇವಿನ ಗಿಡದ ಚಿತ್ರ ಹಾಕಬೇಕು, ಅದರ ಬುಡಕ್ಕೆ ನೀರಿನ ಅಲೆ ಹಾಕಬೇಕು, ಹೀಗೇ ಕೂಡಿಸುತ್ತ ಹೋಗಬೇಕು. ನಾನು ಪುಟ ಹಿಡಿದು ನೋಡುತ್ತಿದ್ದಾಗಲೇ ಆಚೆ ಕೋಣೆಯಲ್ಲಿ ನನ್ನ ಗಂಡ, ಹಗಲೆಲ್ಲ ಮಲಗಿ ರಾತ್ರಿ ನನ್ನನ್ನು ಕಾಡುವ ಮಗಳನ್ನು ಎಬ್ಬಿಸಲು, “ಏಳು, ಏಳವ್ವ, ಏಳು ನಮ್ಮವ್ವ” ಎಂದು ಕೆನ್ನೆ ತಟ್ಟುತ್ತಿದ್ದ. ನನ್ನ ಕಣ್ಣು ನಿಮ್ಮ ‘ಏಳು’ ಎಂಬುದರ ಮೇಲಿತ್ತು, ಕಿವಿಯಲ್ಲಿ ಅವನ ‘ಏಳು’ ಬಿತ್ತು.

ಅದು ಲೆಕ್ಕವಲ್ಲ. ಎದ್ದೇಳು ಎಂದು. ಎಳೆ ಮುಗಿದರೆ ಎದ್ದೇಳು. ಹೊರಗೆ ಬಂದು ದೂರದ ಬೇವಿನ ಗಿಡ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡು. ನೀರು ಕುಡಿ. ಮತ್ತೆ ಬಂದು ಕೂತುಕೋ. ಕೂಡು ಅಂದರೆ ಕೂತುಕೋ ಎಂಬ ಅರ್ಥ ನಮ್ಮ ಕಾಲಕ್ಕೆ ಸತ್ತೇ ಹೋಗಿದೆ, ನಾವು ಕುಂದ್ರು ಅನ್ನುತ್ತೇವೆ, ಕೂಡು ಎಂದರೆ ಲೆಕ್ಕ ಕೂಡಿಸುವುದು. ಆದರೆ ನಾನು ಆ ವಾಟ್ಸ್ಯಾಪ್ ಪಠ್ಯಗಳನ್ನು ಓದಿದವಳಲ್ಲವೇ. “ಬರ್ರಿ, ಕೂಡ್ರಿ, ಚಾ ಕುಡದ ಹೋಗ್ರಿ” ಎಂದು ಪ್ರತಿ ಪುಟದಲ್ಲೂ ಬರುತ್ತಿತ್ತು. ಯಾವ ಕೆಲಸಕ್ಕೂ ಬಾರದ ಡಿಗ್ರಿ ಎಂದು ನಮ್ಮಪ್ಪ ಹೇಳುತ್ತಿದ್ದ.

ನನಗೆ ಬಂದದ್ದು ಸಂತೋಷವಲ್ಲ ಅಜ್ಜಿ, ಸಿಟ್ಟು. ನಾಲ್ಕು ಮಾತಿನಲ್ಲಿ ಒಂದು ಪೂರಾ ಆರೋಗ್ಯ ಶಾಸ್ತ್ರ ಬರೆದಿದ್ದೀರಿ, ಆದರೆ ನಿಮಗೊಬ್ಬರಿಗೇ ತಿಳಿಯುವ ಹಾಗೆ. ಏಳು ಎನ್ನುವ ಬದಲು ಎದ್ದೇಳು ಎಂದಿದ್ದರೆ ಆಗುತ್ತಿತ್ತು. ಒಂದು ಅಕ್ಷರದ ಮಾತು. ನಿಮ್ಮ ಮಗಳಿಗೆ ಕಸೂತಿ ಬೇಡವಾಯಿತು. ನಿಮ್ಮ ಮೊಮ್ಮಗಳು ದೊಡ್ಡವಳಾದ ಮೇಲೆ, ಕೇಳಲು ಯಾರೂ ಇಲ್ಲದೆ, ಪುಸ್ತಕ ನೋಡಿಯೇ ಕಲಿತಳು. ಏಳು ಎಳೆ ಕೂತಳು, ಬೆನ್ನು ಬಾಗಿಸಿಕೊಂಡಳು, ಮಗಳಿಗೂ ಅದನ್ನೇ ಕಲಿಸಿದಳು. ಎರಡು ತಲೆಮಾರಿನ ಹೆಂಗಸರು ನೀವು ಎದ್ದು ನಿಲ್ಲಿ ಎಂದು ಬರೆದ ಮಾತನ್ನು ಓದಿ ಓದಿ ಕೂತೇ ಸವೆದರು.

ಅತ್ತೆಗೆ ಹೇಳಿದೆ. ಹೇಳುವ ಮೊದಲು ಒಂದು ಗಳಿಗೆ ಯೋಚಿಸಬೇಕಾಗಿತ್ತು, ಯೋಚಿಸಲಿಲ್ಲ. ಅವರು ಹಾಸಿಗೆಯ ಮೇಲೆ ಎದ್ದು ಕೂತರು. “ನೀ ಬಂದು ಮೂರು ವರ್ಷ ಆತು. ನಮ್ಮವ್ವ ನಲವತ್ತು ವರ್ಷ ಸೂಜಿ ಹಿಡದಾಳ. ಆಕೀಗೆ ಓದಾಕ ಬರ್ತಿರಲಿಲ್ಲೇನು?” ಎಂದರು. ನಾನು ಬಿಡಲಿಲ್ಲ. ಪುಸ್ತಕ ಅವರ ತೊಡೆಯ ಮೇಲಿಟ್ಟು ಪುಟ ತಿರುವಿದೆ. ನಾಲ್ಕು ಎಳೆ, ಹನ್ನೊಂದು ಆನೆ, ಏಳು ಗೋಪುರ, ಎಲ್ಲವನ್ನೂ ನೀವು ಅಂಕಿಯಲ್ಲೇ ಬರೆದಿದ್ದೀರಿ. ಇಡೀ ಪುಸ್ತಕದಲ್ಲಿ ಒಂದು ಲೆಕ್ಕವೂ ಅಕ್ಷರದಲ್ಲಿಲ್ಲ. ಲೆಕ್ಕವೇ ಆಗಿದ್ದರೆ ಈ ಒಂದು ಕಡೆ ಮಾತ್ರ ಅಕ್ಷರದಲ್ಲಿ ಯಾಕೆ ಬರೆದರು ಎಂದು ಅತ್ತೆಯನ್ನೇ ಕೇಳಿದೆ. ಅವರು ಪುಟಪುಟವೂ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು, “ಹಂಗಾದ್ರ ನಮ್ಮವ್ವನ ಬೇವಿನ ಗಿಡ?”

ನಿಮಗೆ ಗೊತ್ತಿರಲಾರದು. ನೀವು ನೋಡು ಎಂದು ಬರೆದುಕೊಂಡ ಬೇವಿನ ಗಿಡವನ್ನು ನಿಮ್ಮ ಮೊಮ್ಮಗಳು ಹೊಲಿದಳು. ಅಂಥ ಚಿತ್ರ ಕಸೂತಿಯಲ್ಲಿ ಮೊದಲು ಇರಲಿಲ್ಲವಂತೆ; ತನ್ನ ತಲೆಯಿಂದಲೇ ಎಲೆ ಎಣಿಸಿ, ಟೊಂಗೆ ಎಣಿಸಿ, ಬುಡಕ್ಕೆ ನೀರಿನ ಅಲೆ ಕೊಟ್ಟು ಕಟ್ಟಿದಳು. ಈಗ ಧಾರವಾಡದಲ್ಲಿ ಅದಕ್ಕೆ ನಿಮ್ಮ ಹೆಸರು ಹಿಡಿದೇ ನೀಲವ್ವನ ಬೇವು ಅನ್ನುತ್ತಾರೆ. ಮದುವೆಯ ಸೀರೆಗೆ ಅದೇ ಬೇಕು ಎಂದು ಹಟ ಹಿಡಿಯುತ್ತಾರೆ. ಅತ್ತೆಗೆ ಅವರ ತಾಯಿ ಎಂದರೆ ಆ ಗಿಡ. ಅದು ಒಂದು ತಪ್ಪು ಓದಿನಿಂದ ಹುಟ್ಟಿತು ಎಂದು ನಿದ್ದೆಗೆಟ್ಟ ಸೊಸೆಯೊಬ್ಬಳು ಜೋರು ದನಿಯಲ್ಲಿ ಸಾಬೀತು ಮಾಡಿದ್ದಳು. ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಆ ಎರಡು ದಿನ ನಾನು ಈ ಓಲೆಯ ಮೊದಲ ಪ್ರತಿ ಬರೆದೆ. ಅದರಲ್ಲಿ ಇದ್ದದ್ದು ಒಂದೇ ಕೋರಿಕೆ: ನಾಲ್ಕನೇ ಪುಟ ತಿದ್ದಿರಿ.

ಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ಬಿಸಿಲುಕದ ಹಾಕಿ ತಿರುಗಿದರೆ ಅತ್ತೆ ಬೆಳಕುಗೊಳವೆಯ ಕೆಳಗೆ ಕುಂಚಿಗೆ ಹರಡಿಕೊಂಡು ಕೂತಿದ್ದರು. ಕೂಸಿಗೆ ಹಾಲೂಡಿಸುತ್ತ ಈಚೆ ಗೋಡೆಗೆ ಒರಗಿ ಕೂತೆ. ಏಳನೇ ಆನೆಯ ಹಿಂಗಾಲು ಹೊಟ್ಟೆಗೆ ಕೂಡಿತು. ಎಳೆ ಮುಗಿಯಿತು. ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿದರು. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದರು. “ನೀ ಹೇಳಿದ್ದಕ್ಕ ಎದ್ದಿಲ್ಲ. ನೀರಡಿಕಿ ಆಗೇದ” ಎಂದರು. ನೀರು ಕುಡಿದು ಬಿಸಿಲುಕದದ ಸಂದಿಯಿಂದ ಹೊರಗೆ ನೋಡಿದರು. ನಮ್ಮ ಓಣಿಯಲ್ಲಿ ಬೇವಿನ ಗಿಡ ಇಲ್ಲ. “ಗಿಡ ಎಲ್ಲಿ ತರೂದು? ಎದುರು ಮನಿ ಶಾರ್ವರಿ ಮಾಳಗಿ ಮ್ಯಾಲೆ ಒಗೆದದ್ದ ಹಾಕ್ಯಾಳ, ಅದನ್ನ ನೋಡತೇನಿ. ಆಕಿ ಒಗಿಯೂದು ನೋಡಿದ್ರ ಬೇವು ತಿಂದಂಗ ಆಗತದ” ಎಂದರು. ಬೆರಳುಗಳನ್ನು ಮಡಿಚಿ ಬಿಚ್ಚಿ ಮಡಿಚಿ ಬಿಚ್ಚಿ, ಮತ್ತೆ ಬಂದು ಕೂತರು. ಆ ದಿನ ಮೂರು ಸಲ ಎದ್ದರು, ನಿನ್ನೆ ನಾಲ್ಕು. ಮೂರನೇ ಸಲ ಅವಲಕ್ಕಿ ಡಬ್ಬಿಯ ಕಡೆ ಹೋದರು, ಅದೂ ನಿಜ. ಇವತ್ತು ಎರಡು ಎಳೆ ಮುಗಿದರೂ ಎದ್ದೇ ಇಲ್ಲ, ನಾನು ಕೆಮ್ಮಿದೆ, ಅವರು ಕೇಳಿಸದವರ ಹಾಗೆ ಕೂತರು. ಜೋಮು ಇನ್ನೂ ಇದೆ. ಡಾಕ್ಟರಮ್ಮ ಯಾವ ಖಾತ್ರಿಯನ್ನೂ ಕೊಟ್ಟಿಲ್ಲ. ಉಳಿದ ನಾಲ್ಕು ಆನೆ ಬರುವವರೆಗೆ ಆ ಬೆರಳಿಗೆ ಸೂಜಿ ತಿಳಿಯುತ್ತದೋ ಇಲ್ಲವೋ ಎಂದು ದಿನವೂ ಅವರ ಹೆಬ್ಬೆರಳನ್ನೇ ನೋಡುತ್ತೇನೆ.

ನಾನು ಓಲೆ ಬರೆಯುತ್ತಿರುವುದು ಅವರಿಗೆ ಗೊತ್ತು. “ತಿದ್ದು ಅಂತ ಬರೀಬ್ಯಾಡ. ಆಕಿ ತಿದ್ದಿಬಿಟ್ಟರ ನಮ್ಮವ್ವನ ಗಿಡ ಹೋಗಿಬಿಡತದ” ಎಂದಿದ್ದಾರೆ. ಕೈಯ ನೋವು ಹೋಗುತ್ತದಲ್ಲ ಅತ್ತಿ ಎಂದೆ. “ನೋವು ಇರ್ಲಿ, ಗಿಡಾ ಇರ್ಲಿ. ಎದ್ದೇಳೂದು ನಾ ಈಗ ಕಲೀತೇನಿ” ಎಂದರು. ಹಾಗಾಗಿ ಮೊದಲ ಪ್ರತಿಯನ್ನು ಹರಿದು ಹಾಕಿದ್ದೇನೆ. ನಾಲ್ಕನೇ ಪುಟವನ್ನು ಮುಟ್ಟಬೇಡಿ. ಸಿಟ್ಟು ಮಾತ್ರ ಹರಿದು ಹೋಗಿಲ್ಲ, ಅದು ನನ್ನ ಹತ್ತಿರ ಇರಲಿ.

ನಿಮ್ಮ ಹತ್ತಿರ ನನ್ನ ಕೋರಿಕೆ ಬೇರೆ. ಬರೆದಿಟ್ಟದ್ದನ್ನು ನೀವು ಮಾಡುತ್ತಿದ್ದೀರಾ ಎಂಬ ಅನುಮಾನ ನನಗೆ ಬಿಡುತ್ತಿಲ್ಲ. ಮಾಡುವವರು ಬರೆದಿಟ್ಟುಕೊಳ್ಳುವುದಿಲ್ಲ. ಕೂತಲ್ಲೇ ಕೂತು, ಬೆರಳು ಜೋಮು ಹಿಡಿದು, ದೀಪಾವಳಿ ಆಗಲಿ ಎಂದು ಆನೆಗಳನ್ನು ಟ್ರಂಕಿಗೆ ಹಾಕಿದಿರೋ ಏನೋ. ಹಬ್ಬದ ಫರಾಳದ ಉಂಡೆ ಚಕ್ಕುಲಿ ಮೊದಲು, ಮೊಮ್ಮಗಳ ಪರೀಕ್ಷೆ ಮೊದಲು, ಎಲ್ಲರದೂ ಮೊದಲು ಎಂದು ದೂಡಬೇಡಿ. ಬರೋ ಸಾಲನ್ನು ಶುರು ಮಾಡಿರಿ. ದಿನಕ್ಕೆ ಎರಡೇ ಎಳೆ ಆದರೂ ಸಾಕು. ಒಂದು ಆನೆಯನ್ನು ಮನೆಗೆ ತನ್ನಿ, ಉಳಿದ ಹತ್ತು ನಮಗೆ ಇರಲಿ, ಅತ್ತೆಗೆ ಕೆಲಸ ಬೇಕು. ಇನ್ನೊಂದು ಮಾತು. ಮನೆಗೆ ಬಂದ ಹಾಲಿನವನಿಗೂ ಕೂಡ್ರಿ ಅನ್ನುವ ಕಾಲದವರು ನೀವು, ನಿಮಗೆ ನೀವು ಬರೆದುಕೊಳ್ಳುವಾಗ ಮಾತ್ರ ಏಳು, ಕೂಡು ಎಂದು ಏಕವಚನ. ಅಲ್ಲಿಯೇ ಎಲ್ಲ ಕೆಟ್ಟದ್ದು. ನಿಮಗೆ ನೀವು ಒಂದು ‘ರಿ’ ಹಚ್ಚಿಕೊಂಡಿದ್ದರೆ ಯಾವ ಮೊಮ್ಮಗಳೂ ಅದನ್ನು ಲೆಕ್ಕ ಎಂದು ಓದುತ್ತಿರಲಿಲ್ಲ.

ಕೂಸು ಎದ್ದಿದೆ, ನಾನು ಹೋಗಬೇಕು. ಈ ಓಲೆ ಓದಲು ನಿಮಗೂ ಹೆಚ್ಚು ಕಡಿಮೆ ಒಂದು ಎಳೆಯಷ್ಟು ಹೊತ್ತು ಹಿಡಿದಿರುತ್ತದೆ, ಅಷ್ಟೂ ಹೊತ್ತು ನೀವು ಕೂತೇ ಇದ್ದೀರಿ. ನಿಮ್ಮ ಅಂಗಳದಲ್ಲಿ ಬೇವಿನ ಗಿಡ ಇನ್ನೂ ಇದೆ.

ಎಳೆ ಮುಗಿಯಿತು ಅಜ್ಜಿ. ಏಳ್ರಿ.